ದಾರಿ ಸತ್ತರೆ ಸೂತಕ ಯಾರಿಗೆ?

2001-02ರ ಚಳಿಗಾಲದಲ್ಲಿ ರಾಜಸ್ಥಾನದ ಭರತ್‌ಪುರದ ಕೇವಲಾದೇವ ಜೌಗಿಗೆ ಸೈಬೀರಿಯನ್ ಕ್ರೇನ್‌ಗಳ ಒಂದೇ ಒಂದು ಜೋಡಿ ಬಂದಿತ್ತು. ಹಾಲುಬಿಳಿ ಮೈ, ಕೆಂಪು ಮುಖ, ಹಾರುವಾಗ ಮಾತ್ರ ಕಾಣುವ ಕಪ್ಪು ರೆಕ್ಕೆತುದಿ. ಬಿಸಿಲು ಏರುವ ಹೊತ್ತಿಗೆ ಅವು ಉತ್ತರಕ್ಕೆ ಹಾರಿಹೋದವು. ಮುಂದಿನ ಚಳಿಗಾಲ ಬರಲಿಲ್ಲ, ಅದರ ಮುಂದಿನದೂ ಬರಲಿಲ್ಲ. 1960ರ ದಶಕದ ನಡುವಿನಲ್ಲಿ ಅದೇ ಜೌಗಿನಲ್ಲಿ ಸುಮಾರು 200 ಹಕ್ಕಿಗಳು ಇಳಿಯುತ್ತಿದ್ದವು. ಜಹಾಂಗೀರನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಈ ಹಕ್ಕಿಯನ್ನು ಬರೆದಾಗ ಯುರೋಪಿನ ಪ್ರಾಣಿಶಾಸ್ತ್ರಕ್ಕೆ ಅದರ ಹೆಸರೂ ಗೊತ್ತಿರಲಿಲ್ಲ. ಅಷ್ಟು ಹಳೆಯ ನೆಂಟಸ್ತಿಕೆ ಎರಡು ಹಕ್ಕಿಗಳ ಬೆನ್ನ ಮೇಲೆ ಕೂತು ಹೊರಟುಹೋಯಿತು.

ಈ ಸುದ್ದಿಯಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ಬೇರೆಯೇ ಒಂದು ಸಂಗತಿ. ಸೈಬೀರಿಯನ್ ಕ್ರೇನ್ ಎಂಬ ಪ್ರಭೇದ ಅಳಿದಿಲ್ಲ. ತೀವ್ರ ಅಪಾಯದಲ್ಲಿದೆ, ನಿಜ. ಆದರೆ ಸೈಬೀರಿಯದ ಪೂರ್ವಭಾಗದಲ್ಲಿ ಮರಿ ಮಾಡಿ ಚೀನಾದ ಪೊಯಾಂಗ್ ಸರೋವರದ ಕಡೆ ಚಳಿಗಾಲ ಕಳೆಯುವ ಹಿಂಡಿನಲ್ಲಿ ಇಂದಿಗೂ ಸಾವಿರಾರು ಹಕ್ಕಿಗಳಿವೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ರಷ್ಯದಲ್ಲಿ, ಯುರೋಪಿನಲ್ಲಿ ಪಂಜರದೊಳಗೆ ಮೊಟ್ಟೆಯೊಡೆದು ಬೆಳೆಯುತ್ತಿರುವವೂ ಇವೆ. ಹಾಗಾದರೆ ಭರತ್‌ಪುರದಲ್ಲಿ ಸತ್ತದ್ದು ಏನು? ಓಬ್ ನದಿಯ ಉಪನದಿ ಕುನೊವಾತ್‌ನ ಜೌಗಿನಿಂದ ಹೊರಟು, ಕಜಕಸ್ತಾನ ದಾಟಿ, ಆಫ್ಘಾನಿಸ್ತಾನದ ಆಬ್-ಇ-ಇಸ್ತಾದಾ ಸರೋವರದಲ್ಲಿ ಇಳಿದು ಗಂಗಾ ಬಯಲಿಗೆ ಬರುವ ಐದು ಸಾವಿರ ಕಿಲೋಮೀಟರಿಗೂ ಮೀರಿದ ಒಂದು ದಾರಿ ಸತ್ತಿತು. ಆ ದಾರಿ ಯಾವ ನಕಾಶೆಯಲ್ಲೂ ಇರಲಿಲ್ಲ. ಅದು ಇದ್ದದ್ದು ಹಿರಿಯ ಹಕ್ಕಿಗಳ ತಲೆಯೊಳಗೆ.

ದಾರಿಯೊಂದು ಸತ್ತರೆ ಅದನ್ನು ನೈತಿಕ ನಷ್ಟವೆಂದು ಕರೆಯಬಹುದೇ? ಕರೆದರೆ, ನಷ್ಟ ಯಾರಿಗೆ? ನಾನು ಓದುವುದು ತತ್ವಶಾಸ್ತ್ರ, ಪಕ್ಷಿಶಾಸ್ತ್ರ ಅಲ್ಲ. ಆದರೂ ಈ ಪ್ರಶ್ನೆಗೆ ಹಕ್ಕಿಯ ಬಾಳುವೆ ತಿಳಿಯದೆ ಉತ್ತರ ಹುಡುಕಲಾಗದು.

ಮೊದಲು ಹೆಸರಿನ ಗೊಂದಲ. ಕನ್ನಡದಲ್ಲಿ ನಾವು ಕಾಲು ಉದ್ದ, ಕೊಕ್ಕು ಉದ್ದ ಇರುವ ಎಲ್ಲವನ್ನೂ ಕೊಕ್ಕರೆ ಎಂದುಬಿಡುತ್ತೇವೆ. ಮಂಡ್ಯದ ಕೊಕ್ಕರೆ ಬೆಳ್ಳೂರಿನ ಮರಗಳಲ್ಲಿ ಗೂಡು ಕಟ್ಟುವುದು ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ, ಅವು ಕ್ರೇನ್‌ಗಳಲ್ಲ. ನಮ್ಮ ದೇಶಕ್ಕೆ ಬರುವ ಕ್ರೇನ್‌ಗಳು ಮರದ ಮೇಲೆ ಕೂರುವುದೇ ಇಲ್ಲ. ಕೊಂಬೆಯನ್ನು ಹಿಡಿಯುವಷ್ಟು ಹಿಂಬೆರಳು ಅವಕ್ಕೆ ಇಲ್ಲ. ನೆಲದಲ್ಲೇ ಗೂಡು, ನೆಲದಲ್ಲೇ ನಿದ್ದೆ, ಹೆಚ್ಚಾಗಿ ಮೊಣಕಾಲು ಮುಳುಗದ ನೀರಿನಲ್ಲಿ ಒಂಟಿಕಾಲಲ್ಲಿ. ಕಾವ್ಯದ ಕ್ರೌಂಚ ಎಂಬ ಹೆಸರು ಇವಕ್ಕೆ ಹತ್ತಿರದ್ದು. ಹಲವು ಕ್ರೌಂಚಗಳ ಶ್ವಾಸನಾಳ ಎದೆಮೂಳೆಯೊಳಗೆ ಕಹಳೆಯಂತೆ ಸುರುಳಿ ಸುತ್ತಿರುತ್ತದೆ. ಕಿಲೋಮೀಟರುಗಟ್ಟಲೆ ಕೇಳುವ ಆ ಕೂಗು ಬರುವುದು ಅಲ್ಲಿಂದ.

ಸೈಬೀರಿಯನ್ ಕ್ರೇನ್ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ತಿಂಗಳೊಪ್ಪತ್ತು ಕಾವು. ಎರಡು ಮರಿ ಹೊರಬಂದರೂ ಬಹಳ ಸಲ ಉಳಿಯುವುದು ಒಂದೇ. ಬೇಸಿಗೆ ಅಲ್ಲಿ ಚಿಕ್ಕದು; ಎರಡೂವರೆ ತಿಂಗಳೊಳಗೆ ಮರಿಗೆ ರೆಕ್ಕೆ ಬಲಿತಿರಬೇಕು. ಹಿಮ ಬೀಳುವ ಮುಂಚೆ ತಂದೆ-ತಾಯಿ ಮೇಲೇಳುತ್ತವೆ, ಕಂದುಬಣ್ಣ ಇನ್ನೂ ಬಿಡದ ಮರಿ ಅವುಗಳ ಹಿಂದೆ. ಮೊದಲ ಚಳಿಗಾಲ ಪೂರ್ತಿ ಆ ಮೂರು ಒಟ್ಟಿಗೇ ಇರುತ್ತವೆ. ಕೆಸರು ಕೆದಕಿ ಗೆಡ್ಡೆ ಕೀಳುವುದನ್ನೂ ಎಲ್ಲಿ ಇಳಿಯಬಹುದು ಎಲ್ಲಿ ಇಳಿಯಬಾರದು ಎಂಬುದನ್ನೂ ಮರಿ ನೋಡಿ ಕಲಿಯುತ್ತದೆ.

ಇದನ್ನು ಕೋಗಿಲೆಯ ಬಳಗದ ಕುಕ್ಕೂ ಹಕ್ಕಿಯ ಜೊತೆ ಇಟ್ಟು ನೋಡಬೇಕು. ಅದು ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಮರಿ ತನ್ನ ತಾಯಿಯ ಮುಖ ಕಂಡಿಲ್ಲ, ಸಾಕಿದ ಹಕ್ಕಿ ವಲಸೆಯೇ ಹೋಗದ ಜಾತಿಯದ್ದಿರಬಹುದು. ಆದರೂ ಕಾಲ ಬಂದಾಗ ಅದು ಒಂಟಿಯಾಗಿ ಎದ್ದು ಖಂಡಗಳನ್ನು ದಾಟಿ ಸರಿಯಾದ ಕಡೆಗೇ ಹೋಗುತ್ತದೆ. ಅದರ ದಾರಿ ರಕ್ತದಲ್ಲಿದೆ. ಕ್ರೌಂಚದ ಕತೆ ಬೇರೆ. ಹೊರಡಬೇಕೆಂಬ ಚಡಪಡಿಕೆ ಅದಕ್ಕೂ ಹುಟ್ಟಿನಿಂದ ಬಂದಿರಬಹುದು. ಎತ್ತ ಹೋಗಬೇಕು, ಎಲ್ಲಿ ಇಳಿಯಬೇಕು ಎಂಬುದನ್ನು ಹಿರಿಯರು ತೋರಿಸಬೇಕು. ಉತ್ತರ ಅಮೆರಿಕದ ವೂಪಿಂಗ್ ಕ್ರೇನ್‌ಗಳ ಎಂಟು ವರ್ಷಗಳ ದಾಖಲೆ ಇಟ್ಟುಕೊಂಡು ಥಾಮಸ್ ಮ್ಯುಲರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಲೆಕ್ಕದಲ್ಲೇ ತೋರಿಸಿತು: ಒಂದು ವರ್ಷದ ಹಕ್ಕಿಗಳಷ್ಟೇ ಹಾರಿದ್ದಕ್ಕಿಂತ, ಏಳು ವರ್ಷದ ಒಂದು ಹಕ್ಕಿ ಜೊತೆಗಿದ್ದಾಗ ಗುಂಪು ನೇರದಾರಿಯಿಂದ ಸರಿಯುವುದು ಶೇ. 38ರಷ್ಟು ಕಡಿಮೆ. ಗುಂಪು ಎಷ್ಟು ದೊಡ್ಡದು ಎಂಬುದರಿಂದ ಹೆಚ್ಚೇನೂ ವ್ಯತ್ಯಾಸವಾಗಲಿಲ್ಲ. ಒಬ್ಬ ಹಿರಿಯ ಇದ್ದರೆ ಸಾಕು.

ಊರಿನಲ್ಲಿ ಇದನ್ನು ಹೇಳಿದಾಗ ನಮ್ಮ ಮುತ್ಯಾ ಬೀಡಿ ಆರಿಸಿ, "ಹಂಗಂದ್ರ ಮುದುಕ್ರು ಇರಬೇಕಾತು ಅಂದಂಗಾತು" ಅಂದ. ತನಗೆ ಯಾರೋ ಸರ್ಟಿಫಿಕೇಟ್ ಕೊಟ್ಟಂತೆ ಖುಷಿಯಾಗಿತ್ತು.

ಈಗ ಪ್ರಶ್ನೆಗೆ ಬರುತ್ತೇನೆ. ಪ್ರಾಣಿಗಳ ಹಕ್ಕಿನ ಬಗ್ಗೆ ಬರೆದ ಟಾಮ್ ರೀಗನ್, ಹಕ್ಕು ಇರುವುದು ಒಂದೊಂದು ಜೀವಿಗೆ, ಪ್ರಭೇದ ಎಂಬ ಗುಂಪಿಗಲ್ಲ ಎನ್ನುತ್ತಾನೆ. ಒಟ್ಟಿನ ಒಳಿತಿಗಾಗಿ ಬಿಡಿ ಜೀವಿಯನ್ನು ಬಲಿಕೊಡುವ ವಾದವನ್ನು ಅವನು 1983ರ ತನ್ನ ಪುಸ್ತಕದಲ್ಲಿ ಪರಿಸರದ ಫ್ಯಾಸಿಸಂ ಎಂದೇ ಕರೆದ. ಹೋಮ್ಸ್ ರೋಲ್ಸ್ಟನ್ ಇದಕ್ಕೆ ಎದುರು ನಿಲ್ಲುತ್ತಾನೆ. ಅವನಿಗೆ ಪ್ರಭೇದವೆಂದರೆ ತಲೆಮಾರುಗಳುದ್ದಕ್ಕೂ ಹರಿದುಬಂದ ಒಂದು ಜೀವಂತ ಚರಿತ್ರೆ. ಬಿಡಿ ಹಕ್ಕಿ ಅದರ ಒಂದು ಅಲೆ. ತರಗತಿಯಲ್ಲಿ ಈ ಇಬ್ಬರನ್ನು ಎದುರುಬದುರು ನಿಲ್ಲಿಸಿ ಚರ್ಚೆ ಮಾಡುವುದು ರೂಢಿ. ಆದರೆ ಭರತ್‌ಪುರದ ಪ್ರಸಂಗವನ್ನು ಇಬ್ಬರ ಮುಂದಿಟ್ಟರೆ ಇಬ್ಬರ ಕೈಯೂ ಖಾಲಿ. ರೀಗನ್ ಯಾವ ಹಕ್ಕಿಗೆ ಅನ್ಯಾಯವಾಯಿತು ತೋರಿಸು ಎನ್ನುತ್ತಾನೆ. ಕೊನೆಯ ಆ ಜೋಡಿ ಮುಪ್ಪಿನಿಂದ ಸತ್ತಿತೋ ಗುಂಡಿನಿಂದಲೋ ಯಾರು ಬಲ್ಲರು, ಮುಪ್ಪಾಗಿದ್ದರೆ ಅನ್ಯಾಯವೇ ಇಲ್ಲ. ರೋಲ್ಸ್ಟನ್ ಲೆಕ್ಕದಲ್ಲಿ ಪ್ರಭೇದ ಪೊಯಾಂಗ್‌ನಲ್ಲಿ ಉಳಿದಿದೆ. ಎರಡೂ ಜಾಲರಿಗಳ ಕಣ್ಣಿನಿಂದ ಈ ನಷ್ಟ ಜಾರಿಹೋಗುತ್ತದೆ, ಯಾಕೆಂದರೆ ಅದು ಒಂದು ಹಕ್ಕಿಯೊಳಗೂ ಇಲ್ಲ, ಇಡೀ ಪ್ರಭೇದದೊಳಗೂ ಇಲ್ಲ. ಒಂದು ಹಕ್ಕಿ ಇನ್ನೊಂದಕ್ಕೆ ದಾಟಿಸುವ ಕ್ರಿಯೆಯಲ್ಲಿದೆ.

ಆ ಕ್ರಿಯೆ ನಿಂತದ್ದರಿಂದ ನೋವಾದದ್ದು ಯಾರಿಗೆ ಎಂದು ಹಟ ಹಿಡಿದು ಕೇಳುವವರಿಗೆ ನನ್ನ ಹತ್ತಿರ ಒಂದು ಉತ್ತರವಿದೆ. 1990ರ ದಶಕದಲ್ಲಿ, ಕಾಡುಹಕ್ಕಿಗಳು ಇನ್ನೂ ಬೆರಳೆಣಿಕೆಯಷ್ಟು ಬರುತ್ತಿದ್ದಾಗ, ಪಂಜರದಲ್ಲಿ ಬೆಳೆಸಿದ ಕೆಲವು ಮರಿಗಳನ್ನು ಕೇವಲಾದೇವದಲ್ಲಿ ಬಿಟ್ಟರು. ಕಾಡುಹಕ್ಕಿಗಳ ಜೊತೆ ಸೇರಿ ಅವು ಉತ್ತರಕ್ಕೆ ಹೋಗಲಿ ಎಂಬ ಆಸೆ. ವಸಂತದಲ್ಲಿ ಕಾಡುಹಕ್ಕಿಗಳು ಎದ್ದವು, ಇವು ಹೋಗಲಿಲ್ಲ. ಅನ್ನಕ್ಕೆ ಕೊರತೆ ಇರಲಿಲ್ಲ, ಪೆಟ್ಟು ಬಿದ್ದಿರಲಿಲ್ಲ, ರೆಕ್ಕೆ ಗಟ್ಟಿಯಾಗಿತ್ತು. ಇಲ್ಲದ್ದು ನಂಬಿ ಹಿಂದೆ ಹೋಗಲು ಒಬ್ಬ ಹಿರಿಯ ಮಾತ್ರ. ಇದನ್ನು ನೋವು ಎನ್ನಬೇಕೋ ಬಡತನ ಎನ್ನಬೇಕೋ ತಿಳಿಯದು. ಆ ಹಕ್ಕಿಗೆ ತನ್ನ ರೆಕ್ಕೆ ಯಾಕಿದೆ ಎಂಬುದೇ ತಿಳಿಯದ ಸ್ಥಿತಿ ಅದು, ಮತ್ತು ಆ ಸ್ಥಿತಿಗೆ ಅದನ್ನು ತಂದದ್ದು ಪ್ರಕೃತಿ ಅಲ್ಲ.

ವೂಪಿಂಗ್ ಕ್ರೇನ್‌ಗಳಿಗೆ ಅಮೆರಿಕನ್ನರು ಇನ್ನೊಂದು ಉಪಾಯ ಹೂಡಿದರು. 1941ರಲ್ಲಿ ಇಪ್ಪತ್ತರ ಆಸುಪಾಸಿಗೆ ಇಳಿದಿದ್ದ ಹಕ್ಕಿ ಅದು. ಸಾಕುವವರು ಮೈತುಂಬ ಬಿಳಿ ನಿಲುವಂಗಿ ತೊಟ್ಟು, ಕೈಗೆ ಕ್ರೇನ್ ತಲೆಯ ಗೊಂಬೆ ಸಿಕ್ಕಿಸಿಕೊಂಡು ಮರಿಗಳಿಗೆ ತುತ್ತು ಕೊಟ್ಟರು. ಮನುಷ್ಯರ ದನಿ ಮರಿಯ ಕಿವಿಗೆ ಬೀಳಬಾರದೆಂದು ಮಾತೇ ಆಡಲಿಲ್ಲ. 2001ರಿಂದ 2015ರವರೆಗೆ ವಿಸ್ಕಾನ್ಸಿನ್‌ನಿಂದ ಫ್ಲೋರಿಡಾಕ್ಕೆ ಪುಟ್ಟ ವಿಮಾನಗಳು ಮುಂದೆ ಹಾರಿ ಮರಿಗಳಿಗೆ ದಾರಿ ಕಲಿಸಿದವು. ಮನುಷ್ಯ ಹಕ್ಕಿಯ ವೇಷ ಕಟ್ಟಿದ ಈ ಬಯಲಾಟದಲ್ಲಿ ನನಗೆ ನಗೆಯೂ ಬರುತ್ತದೆ, ಕಣ್ಣೂ ತುಂಬುತ್ತದೆ. ಥಾಮ್ ವ್ಯಾನ್ ಡೂರನ್ ಎಂಬ ಆಸ್ಟ್ರೇಲಿಯದ ಚಿಂತಕ ಈ ಬಗೆಯ ಆರೈಕೆಯೊಳಗೇ ಹಿಂಸೆಯೂ ಹೆಣೆದುಕೊಂಡಿದೆ ಎಂದು ಬರೆದಿದ್ದಾನೆ: ನಾಳೆಯ ಹಿಂಡಿಗಾಗಿ ಇಂದಿನ ಎಷ್ಟೋ ಹಕ್ಕಿಗಳು ಪಂಜರದಲ್ಲೇ ಬಾಳು ಸವೆಸಬೇಕು. ಅವನ ಮಾತು ಸರಿ. ಆದರೆ ಆ ವಿಮಾನ ಹಾರಿಸಿದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಮನೆಗೆ ಹಿರಿಯರಿಲ್ಲದ ಮಗುವಿಗೆ ಪಕ್ಕದ ಮನೆಯವರು ಆಟೋದಲ್ಲಿ ಕೂರಿಸಿ ಶಾಲೆಗೆ ಮುಟ್ಟಿಸಿದ ಹಾಗೆ ಅದು. ಅಪ್ಪನ ಹೆಗಲಿಗೆ ಸಮವಲ್ಲ, ಆದರೆ ಶಾಲೆಗಂತೂ ಮುಟ್ಟಿತು.

ಇಲ್ಲಿ ನನ್ನ ವಾದಕ್ಕೆ ನಾನೇ ಒಂದು ತೊಡಕು ಹಾಕಿಕೊಳ್ಳಬೇಕು. ಹಿರಿಯರು ಕಿರಿಯರಿಗೆ ದಾಟಿಸಿದ್ದೆಲ್ಲ ಉಳಿಯಬೇಕೇ? ನಮ್ಮ ಭಾಗದವರಿಗೆ ಪರಂಪರೆ ಎಂಬ ಮಾತು ಸುಮ್ಮನೆ ಸಿಹಿ ಅನಿಸುವುದಿಲ್ಲ. ತಾಯಿಯಿಂದ ಮಗಳಿಗೆ ಮುತ್ತು ಕಟ್ಟಿಸುವ ದೇವದಾಸಿ ಪದ್ಧತಿಯೂ ದಾಟಿಬಂದದ್ದೇ. ಅದನ್ನು ನಿಲ್ಲಿಸಲು ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಬೇಕಾಯಿತು. ಗುಳೆಯೂ ಹಾಗೆಯೇ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಿಂದ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗುವ ದಾರಿಯನ್ನೂ ಮಕ್ಕಳು ಅಪ್ಪ-ಅವ್ವನ ಹಿಂದೆ ಹೋಗಿಯೇ ಕಲಿಯುತ್ತಾರೆ. ಯಾವ ಮೇಸ್ತ್ರಿ ದುಡ್ಡು ಕೊಡುತ್ತಾನೆ, ಯಾವ ಸೈಟಿನಲ್ಲಿ ತಗಡಿನ ಶೆಡ್ಡು ಸಿಗುತ್ತದೆ, ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲ ಗೊತ್ತು ಹನ್ನೆರಡು ವರ್ಷದ ಹುಡುಗನಿಗೆ. ಇದೂ ಬಲ್ಲವರಿಂದ ಕಲಿತ ವಲಸೆಯ ವಿದ್ಯೆ. ಇದು ಅಳಿದರೆ ನಾನು ಹೋಳಿಗೆ ಮಾಡಿಸಿ ಉಣ್ಣುತ್ತೇನೆ.

ಹಾಗಾದರೆ ಕ್ರೌಂಚದ ದಾರಿಗೆ ಅಳುವ ನಾನು ಗುಳೆಯ ದಾರಿ ಅಳಿಯಲಿ ಎನ್ನುವುದು ಯಾವ ನ್ಯಾಯ? ನನಗೆ ಹೊಳೆದಷ್ಟು ಇದು: ದಾಟಿಸಿದ್ದು ಪಡೆದವರ ಬಾಳನ್ನು ಹಿಗ್ಗಿಸುತ್ತದೋ ಕುಗ್ಗಿಸುತ್ತದೋ ನೋಡಬೇಕು. ಕ್ರೌಂಚದ ಮರಿಗೆ ತಾಯಿ ಕೊಟ್ಟ ದಾರಿಯಿಂದ ಒಂದು ಖಂಡ ತೆರೆಯುತ್ತದೆ. ಗುಳೆಯ ಮಗುವಿಗೆ ಸಿಕ್ಕ ದಾರಿಯಲ್ಲಿ ಹಾಜರಿ ಪುಸ್ತಕದ ಹೆಸರು ನವೆಂಬರಿನಲ್ಲಿ ಅಳಿಸಿಹೋಗುತ್ತದೆ. ಹೊರಗಿನಿಂದ ನೋಡಿದರೆ ಎರಡೂ ವಲಸೆ. ಹೆಣ್ಣುಮಗಳಿಗೆ ಮುತ್ತು ಕಟ್ಟಿದವರೂ ಇದನ್ನು ಸಂಸ್ಕೃತಿ ಎಂದೇ ಕರೆದರು ಎಂಬುದನ್ನು ನೆನೆದಾಗ, ಪರಂಪರೆಯ ಪರವಾಗಿ ವಾದಿಸುವವರು ಪ್ರತಿ ಸಲವೂ ಈ ಪರೀಕ್ಷೆಗೆ ಕೂರಬೇಕು ಅನಿಸುತ್ತದೆ. ನಾನೂ ಸೇರಿ.

ಅದೇ 1982ರಲ್ಲಿ ಭರತ್‌ಪುರದಲ್ಲಿ ಇನ್ನೊಂದು ಆದೇಶ ಬಂತು. ಕೇವಲಾದೇವ ರಾಷ್ಟ್ರೀಯ ಉದ್ಯಾನವಾಯಿತು, ಸುತ್ತಲ ಹಳ್ಳಿಗಳ ಎಮ್ಮೆಗಳು ಒಳಗೆ ಮೇಯಬಾರದೆಂದಾಯಿತು. ಹಳ್ಳಿಗರು ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಹಕ್ಕಿ ಉಳಿಯಲೆಂದು ಮನುಷ್ಯರ ಪ್ರಾಣ ಹೋಯಿತು. ಆಮೇಲಿನದು ಇನ್ನೂ ಕಹಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಅಲ್ಲಿ ಹತ್ತು ವರ್ಷ ನಡೆಸಿದ ಅಧ್ಯಯನ, ಎಮ್ಮೆಗಳು ಮೇಯುವುದು ನಿಂತಮೇಲೆ ಹುಲ್ಲು ಬೆಳೆದು ತೆರೆದ ನೀರನ್ನೇ ನುಂಗುತ್ತಿದೆ, ಹಲವು ನೀರುಹಕ್ಕಿಗಳಿಗೆ ಇದರಿಂದ ಕೇಡೇ ಆಗಿದೆ ಎಂಬ ತೀರ್ಮಾನಕ್ಕೆ ಬಂತು. ಎಮ್ಮೆ ಕಾಯುವವರಿಗೂ ಜೌಗಿಗೂ ಹಕ್ಕಿಗೂ ನಡುವೆ ತಲೆಮಾರುಗಳಿಂದ ಒಂದು ಒಪ್ಪಂದ ನಡೆದುಬಂದಿತ್ತು, ಅದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ಕೆಸರಿನಲ್ಲಿ ಗೆಡ್ಡೆ ಕೆದಕಿ ತಿನ್ನುವ ಹಕ್ಕಿಗೆ ಹುಲ್ಲುಗಟ್ಟಿದ ನೆಲದಲ್ಲಿ ಏನು ಸಿಗಬೇಕು? ಸೈಬೀರಿಯನ್ ಕ್ರೇನ್ ಹೋದದ್ದು ಇದರಿಂದಲೇ ಎಂದು ನಾನು ಹೇಳುವುದಿಲ್ಲ. ಅವುಗಳ ಎಣಿಕೆ ಅದಕ್ಕೂ ಮೊದಲೇ ಕುಸಿದಿತ್ತು. ಆದರೆ ಹಕ್ಕಿಯ ಹೆಸರಿನಲ್ಲಿ ಬಡವರ ಮೇಲೆ ಹಾರಿಸಿದ ಗುಂಡಿಗೆ ಹಕ್ಕಿಯ ಸಮ್ಮತಿ ಇರಲಿಲ್ಲ, ಲಾಭವೂ ಇರಲಿಲ್ಲ. ಅಳಿವಿನಂಚಿನ ಜೀವಿಗಳ ಬಗ್ಗೆ ಭಾವುಕವಾಗಿ ಬರೆಯುವವರು ಇದನ್ನು ಸಾಮಾನ್ಯವಾಗಿ ಬಿಟ್ಟೇ ಬರೆಯುತ್ತಾರೆ.

ಕ್ರೌಂಚಕ್ಕಾಗಿ ಬೇಡನನ್ನು ಶಪಿಸುವುದು ನಮ್ಮಲ್ಲಿ ಕಾವ್ಯದಷ್ಟೇ ಹಳೆಯದು. ಜೋಡಿಯಲ್ಲಿ ಒಂದಕ್ಕೆ ಬಾಣ ತಾಗಿತು, ಇನ್ನೊಂದರ ಅಳು ವಾಲ್ಮೀಕಿಯ ಬಾಯಲ್ಲಿ ಶ್ಲೋಕವಾಯಿತು ಎಂಬುದು ಎಲ್ಲರೂ ಬಲ್ಲ ಕತೆ. ಆ ಕ್ರೌಂಚ ಸಾರಸ್ ಕ್ರೇನ್ ಆಗಿರಬೇಕೆಂದು ಜೂಲಿಯಾ ಲೆಸ್ಲಿ ಎಂಬ ವಿದುಷಿ ವಿವರವಾಗಿ ವಾದಿಸಿದ್ದಾರೆ. ನನಗೆ ಹಕ್ಕಿಯ ಗುರುತಿಗಿಂತ ಬೇಡನ ಗುರುತು ಹತ್ತಿರದ್ದು. ಸುರಪುರ ಬೇಡ ನಾಯಕರ ರಾಜ್ಯ. ಅವರ ಬಳಗ ಇಂದು ತಮ್ಮನ್ನು ವಾಲ್ಮೀಕಿಯ ಮಕ್ಕಳೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ, ವಾಲ್ಮೀಕಿಯೂ ಮೊದಲು ಬೇಡನೇ ಆಗಿದ್ದನೆಂಬ ಕತೆಯನ್ನು ಎದೆಗೆ ಒತ್ತಿಕೊಂಡಿದೆ. ಅಂದರೆ ಸುರಪುರದಲ್ಲಿ ಕೂತು ಓದಿದರೆ ಬಾಣ ಬಿಟ್ಟವನೂ ನಮ್ಮವ, ಶಪಿಸಿದವನೂ ನಮ್ಮವ. ಬೇಡನ ಮನೆಯಲ್ಲಿ ಅವತ್ತು ಒಲೆ ಹೊತ್ತಿತ್ತೇ ಎಂದು ಕೇಳುವ ಹಕ್ಕು ಈ ನೆಲದ ಓದುಗನಿಗಿದೆ. ಇನ್ನೊಂದು ವಿಚಿತ್ರ: ಸುರಪುರ ತಾಲ್ಲೂಕಿನ ಬೋನಾಳ ಕೆರೆ ಇದೇ ಬೇಡ ಅರಸರ ಕಾಲದ್ದು, 19ನೇ ಶತಮಾನದಲ್ಲಿ ಮೆಡೋಸ್ ಟೇಲರ್ ಅದನ್ನು ಬಲಪಡಿಸಿದ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇವತ್ತು ಇಳಿಯುವುದು ಅಲ್ಲೇ, ಬೇಟೆಗಾರರ ಕುಲ ಕಟ್ಟಿಸಿದ ನೀರಿನಲ್ಲಿ.

ಸೈಬೀರಿಯನ್ ಕ್ರೇನ್‌ನ ದಾರಿಗೆ ಬಾಣ ಬಿಟ್ಟವರು ಯಾರೆಂದು ಹುಡುಕಿದರೆ ಶಾಪಕ್ಕೆ ವಿಳಾಸ ಸಿಗುವುದಿಲ್ಲ. ಹಗ್ಗದ ತುದಿಗೆ ಸೀಸದ ಗುಂಡು ಕಟ್ಟಿ ಆಕಾಶಕ್ಕೆ ಬೀಸುವ, ಸಾಕಿದ ಕ್ರೇನ್‌ಗಳನ್ನು ಕೂಗಿಸಿ ಕಾಡಿನವನ್ನು ಕೆಳಗಿಳಿಸುವ ವಾಯವ್ಯ ಪಾಕಿಸ್ತಾನದ ಬೇಟೆಗಾರರು ಒಂದಿಷ್ಟು. 1979ರಿಂದ ಹೊತ್ತಿ ಉರಿದ ಆಫ್ಘಾನಿಸ್ತಾನ ಒಂದಿಷ್ಟು. ದಾರಿಯುದ್ದಕ್ಕೂ ಬತ್ತಿದ ಜೌಗುಗಳು ಒಂದಿಷ್ಟು. ಯಾರೂ ಆ ದಾರಿಯನ್ನು ಕೊಲ್ಲಬೇಕೆಂದುಕೊಂಡಿರಲಿಲ್ಲ. ನಮ್ಮ ನೀತಿಯ ಮಾತುಗಳೆಲ್ಲ ಒಬ್ಬ ಕರ್ತೃ, ಒಂದು ಕೃತ್ಯ, ಒಬ್ಬ ಬಲಿ ಎಂಬ ಅಳತೆಗೆ ಹೊಲಿದ ಅಂಗಿಗಳು. ಇಂಥ ಸಾವಿಗೆ ಅವು ಸಾಲುವುದಿಲ್ಲ. ಸೂತಕ ಎಂಬ ನಮ್ಮ ಹಳೆಯ ಮಾತು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರಬಹುದು. ಸೂತಕದಲ್ಲಿ ಇರುವವನು ಕೊಂದವನಲ್ಲ. ಆದರೆ ಸತ್ತವರ ಜೊತೆ ಅವನಿಗೆ ನಂಟಿದೆ, ಆದ್ದರಿಂದ ಕೆಲವು ದಿನ ಅವನು ಎಂದಿನಂತೆ ನಡೆಯುವ ಹಾಗಿಲ್ಲ. ತಪ್ಪಿನ ಮಾತಿಲ್ಲದೆಯೂ ಹೊಣೆಯ ಮಾತು ಆಡಲು ಅದರಲ್ಲಿ ಜಾಗವಿದೆ. ಜಾತಿಯ ಮೈಲಿಗೆ ಅದಕ್ಕೆ ಅಂಟಿಕೊಂಡಿದೆ ಎಂಬುದು ನನಗೆ ಗೊತ್ತು. ಅದನ್ನು ತೊಳೆದೇ ಎತ್ತಿಕೊಳ್ಳಬೇಕು.

ಈ ಹಕ್ಕಿಯ ಪಶ್ಚಿಮದ ಹಿಂಡಿನ ಕತೆ ಇನ್ನೂ ತೆಳ್ಳಗೆ ಉಳಿದಿತ್ತು. ಇರಾನಿನ ಫೆರೆಯ್ದುನ್‌ಕೆನಾರ್ ಬಯಲಿಗೆ ವರ್ಷಗಟ್ಟಲೆ ಒಂದೇ ಒಂದು ಗಂಡು ಬರುತ್ತಿತ್ತು. ಅಲ್ಲಿಯ ಜನ ಅದಕ್ಕೆ ಓಮಿದ್ ಎಂದು ಹೆಸರಿಟ್ಟರು, ಭರವಸೆ ಎಂದರ್ಥ. 2023ರಲ್ಲಿ ಯುರೋಪಿನಲ್ಲಿ ಸಾಕಿದ ಒಂದು ಹೆಣ್ಣನ್ನು ತಂದು ಅದರ ಹತ್ತಿರ ಬಿಟ್ಟರು. ಅವಳ ಹೆಸರು ರೋಯಾ, ಕನಸು. ಒಂದು ಇಡೀ ದಾರಿ ಒಂದೇ ತಲೆಯೊಳಗೆ ಇದ್ದದ್ದರಿಂದ ಆ ಗಂಡಿಗಾಗಿ ಇಷ್ಟೆಲ್ಲ ಓಡಾಟ.

ರಾಮಸಮುದ್ರಕ್ಕೆ ಸೈಬೀರಿಯನ್ ಕ್ರೇನ್ ಬಂದ ನೆನಪು ಯಾರಿಗೂ ಇಲ್ಲ. ಸಮುದ್ರ ಎಂದು ಕೊನೆಯಾಗುವ ಊರಹೆಸರು ನಮ್ಮಲ್ಲಿ ಸಾಮಾನ್ಯವಾಗಿ ಕೆರೆಯ ಲೆಕ್ಕ; ನೀರಿದ್ದಲ್ಲಿ ಹಕ್ಕಿಯ ಮಾತು ಇರುತ್ತದೆ. ಕೃಷ್ಣಾ-ಭೀಮೆಯ ಬಯಲಿಗೆ ಬರುವುದು ಅದರ ಚಿಕ್ಕ ನೆಂಟ, ಡೆಮೊಸೆಲ್ ಕ್ರೇನ್. ಕ್ರೌಂಚಗಳಲ್ಲೇ ಚಿಕ್ಕದು, ಬೂದುಮೈ, ಕಪ್ಪು ಕತ್ತು, ಕಣ್ಣ ಹಿಂದೆ ಬಿಳಿ ಜುಟ್ಟು. ಮಂಗೋಲಿಯ, ಕಜಕಸ್ತಾನದ ಹುಲ್ಲುಬಯಲಿನಲ್ಲಿ ಬರಿನೆಲದ ಮೇಲೆ ಎರಡು ಮೊಟ್ಟೆ ಇಟ್ಟು, ಎರಡು ತಿಂಗಳಲ್ಲಿ ಮರಿಯನ್ನು ಹಾರಿಸಿ, ಹಿಮಾಲಯವನ್ನು ದಾಟಿಸಿಕೊಂಡು ಬರುತ್ತದೆ. ಕಾಳಿಗಂಡಕಿ ಕಣಿವೆಯಲ್ಲಿ ಹೊನ್ನ ಹದ್ದುಗಳು ಮರಿಗಳಿಗಾಗಿ ಕಾದಿರುತ್ತವೆ. ರಾಜಸ್ಥಾನದ ಖೀಚನ್‌ನಲ್ಲಿ ಊರವರೇ ಕಾಳು ಚೆಲ್ಲಿ ಸಾವಿರಾರು ಹಕ್ಕಿಗಳನ್ನು ಸಾಕುತ್ತಾರೆ. ಪಟ್ಟಿಯಲ್ಲಿ ಇದು ಅಪಾಯದ ಹಕ್ಕಿ ಅಲ್ಲ. ಆದ್ದರಿಂದ ನಮ್ಮ ಕಡೆ ಬರುವ ಹಿಂಡು ಯಾವಾಗಲೋ ಬರುವುದು ನಿಂತರೆ ಯಾವ ಪಟ್ಟಿಯಲ್ಲೂ ಒಂದು ಅಕ್ಷರ ಬದಲಾಗುವುದಿಲ್ಲ. ಕಾಲುವೆ ಬಂದ ಕಡೆ ಜೋಳ ಹೋಗಿ ನೆಲ್ಲು ಬಂದಿದೆ, ಮಿಕ್ಕಲ್ಲಿ ಹತ್ತಿ. ಹತ್ತಿಹೊಲದಲ್ಲಿ ಆಯ್ದು ತಿನ್ನಲು ಈ ಹಕ್ಕಿಗೆ ಏನೂ ಇಲ್ಲ. ರೈತ ಹತ್ತಿ ಬೆಳೆಯಬಾರದೆಂದು ಹೇಳುವ ಧೈರ್ಯ ನನಗಿಲ್ಲ, ಹೇಳುವುದು ಸರಿಯೂ ಅಲ್ಲ. ಭರತ್‌ಪುರವನ್ನು ಓದಿದ ಮೇಲಂತೂ ಇಲ್ಲ.

ಮುತ್ಯಾನಿಗೆ ಇವುಗಳ ಮೇಲೆ ಪ್ರೀತಿ ಏನೂ ಇರಲಿಲ್ಲ. ಭೀಮೆಯ ಕಡೆ ಪಾಲಿಗೆ ಹೊಲ ಮಾಡಿದ್ದಾಗ ಕಡಲಿ, ಶೇಂಗಾಕ್ಕೆ ಬಿದ್ದ ಹಿಂಡನ್ನು ಡಬ್ಬಿ ಬಡಿದು ಎಬ್ಬಿಸಿದವನು ಅವನು. "ದೀಪಾವಳಿ ಮುಗೀತಂದ್ರ ಬರ್ತಾವ, ಬಿಸಲು ಚುರುಗುಟ್ಟಾಕ ಹತ್ತಿದ್ರ ಹೋಗ್ತಾವ. ನಮ್ಮ ಮಂದಿ ಗುಳೆ ಹೋಗೂ ಹೊತ್ತಿಗೆ ಅವು ಬರ್ತಾವ, ಇವ್ರು ಬರೂ ಹೊತ್ತಿಗೆ ಅವು ಹೋಗ್ತಾವ" ಎಂದು ಒಮ್ಮೆ ಲೆಕ್ಕ ಹಾಕಿ ಹೇಳಿದ್ದ. ಹಾಗಾದರೆ ಊರಿನ ಅರ್ಧ ಮಕ್ಕಳು ಅವನ್ನು ನೋಡಿಯೇ ಇಲ್ಲವಲ್ಲ ಮುತ್ಯಾ ಎಂದೆ. ಅವನು ಅದಕ್ಕೆ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಹೋದ ವರ್ಷ ಡಬ್ಬಿ ಬಡಿದಾಗ ಎದ್ದು ಹೋದವಲ್ಲ, ಈ ವರ್ಷ ಬಂದವು ಅವೇ ಇರಬಹುದಾ ಎಂದು ಕೇಳಿದ. ಇರಬಹುದು, ಜೊತೆಗೆ ಮರಿಗಳೂ ಇರುತ್ತವೆ ಎಂದೆ.

"ಮತ್ತ ಆ ಮರಿಗೋಳಿಗೂ ನನ್ನ ಡಬ್ಬಿ ಸಪ್ಪಳ ಕಲಿಸಿರ್ತಾವ ಬಿಡು" ಅಂದ.